24 ಸೆಂಟಿಮೀಟರ್ ಪಟ್ಟಿಯಿಂದ ಭಿನ್ನರಾಶಿ ಅಭ್ಯಾಸ: ತರಗತಿಯಲ್ಲಿ ನಾವು ಮಾಡುವ ಕ್ರಮ

6ನೇ ತರಗತಿಯಲ್ಲಿ 1/2 + 1/3 ಎಷ್ಟು ಎಂದು ಕೇಳಿದರೆ 2/5 ಎಂದು ಬರೆಯುವ ಮಕ್ಕಳು ಇದ್ದೇ ಇರುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ, ಅಷ್ಟೇ. ಕೆಂಪು ಶಾಯಿಯಲ್ಲಿ ತಿದ್ದಿ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯುವುದನ್ನು ಇನ್ನೊಮ್ಮೆ ಬೋರ್ಡಿನ ಮೇಲೆ ತೋರಿಸಿ, 20 ಲೆಕ್ಕ ಮನೆಗೆಲಸ ಕೊಟ್ಟರೆ ಮುಂದಿನ ಕಿರುಪರೀಕ್ಷೆಯಲ್ಲಿ ಉತ್ತರ ಸರಿಹೋಗುತ್ತದೆ. ಪಾಠ ಮುಂದೆ ಸಾಗಿದ ಮೇಲೆ 2/5 ಮತ್ತೆ ತಲೆಹಾಕುತ್ತದೆ. 2/5 ಎಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದಾದರೂ ಹೇಗೆ ಎಂಬ ಅನುಮಾನವೇ ಆ ಮಗುವಿಗೆ ಬಂದಿಲ್ಲ. 20 ಲೆಕ್ಕಗಳ ಮನೆಗೆಲಸ ಆ ಅನುಮಾನವನ್ನು ಹುಟ್ಟಿಸುವುದೂ ಇಲ್ಲ.

ಅಭ್ಯಾಸಕ್ಕೆ ಆಟ ಬೇಕು ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಹಾವು-ಏಣಿ. ಮನೆಗೊಂದು ಭಿನ್ನರಾಶಿ ಲೆಕ್ಕ ಬರೆದು, ಉತ್ತರ ಸರಿಯಿದ್ದರೆ ದಾಳ ಹಾಕು ಎನ್ನುವುದು. ಇಲ್ಲವೇ ಎರಡು ತಂಡ ಮಾಡಿ ರಸಪ್ರಶ್ನೆ. ಇವೆರಡರಲ್ಲೂ ಲೆಕ್ಕವೆಂಬುದು ಆಟದ ಬಾಗಿಲಲ್ಲಿ ಕಟ್ಟಬೇಕಾದ ಸುಂಕ. ಮಕ್ಕಳು ಜಾಣರು, ಪಕ್ಕದವರ ಉತ್ತರ ಕೇಳಿಕೊಂಡು ದಾಳ ಹಾಕುತ್ತಾರೆ. ಹಾಗಾಗಿ ಆಟ ಆರಿಸುವಾಗ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಭಿನ್ನರಾಶಿಯನ್ನು ಯೋಚಿಸದೆ ಇದನ್ನು ಗೆಲ್ಲಲು ಬರುತ್ತದೆಯೇ? ಬರುವುದಾದರೆ ಆ ಆಟ ಬೇಡ. ಮುಂದೆ ಹೇಳುವುದೆಲ್ಲ ಈ ಜರಡಿಯಲ್ಲಿ ಉಳಿದದ್ದು. 5ರಿಂದ 7ನೇ ತರಗತಿವರೆಗೆ, 40 ಮಕ್ಕಳಿರುವ ಕೋಣೆಗೆ, 40 ನಿಮಿಷದ ಪೀರಿಯಡ್ಡಿಗೆ ಹೊಂದುವಂಥವು.

ಮೊದಲು ಪಟ್ಟಿಗಳು. ಉದ್ದ 24 ಸೆಂ.ಮೀ., ಅಗಲ 3 ಸೆಂ.ಮೀ. 24ನ್ನೇ ಆರಿಸಲು ಕಾರಣವಿದೆ. ಅರ್ಧ 12 ಸೆಂ.ಮೀ., ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಹನ್ನೆರಡನೇ ಒಂದು 2. ಎಲ್ಲವೂ ಪೂರ್ಣ ಸೆಂಟಿಮೀಟರ್. ಎ4 ಹಾಳೆಯ ಉದ್ದ 29.7 ಸೆಂ.ಮೀ.; ಅದನ್ನು ಹಾಗೇ ಕತ್ತರಿಸಿಕೊಂಡರೆ ಮೂರನೇ ಒಂದಕ್ಕೆ 9.9, ಎಂಟನೇ ಒಂದಕ್ಕೆ 3.7ರ ಆಸುಪಾಸು ಎಂದು ಗೆರೆ ಎಳೆಯುತ್ತ ಕೂರಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಚಾರ್ಟ್ ಹಾಳೆ ಸುಮಾರು 56 × 71 ಸೆಂ.ಮೀ. ಇರುತ್ತದೆ. 56ರ ಕಡೆಗೆ ಎರಡು ಪಟ್ಟಿ, 71ರ ಕಡೆಗೆ 23 ಪಟ್ಟಿ, ಒಟ್ಟು 46. ಇಡೀ ಪಟ್ಟಿ, ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಂಟನೇ ಒಂದು, ಹನ್ನೆರಡನೇ ಒಂದು, ಹೀಗೆ ಏಳು ಬಗೆ. ಬಗೆಗೊಂದು ಬಣ್ಣ, ಬಣ್ಣಕ್ಕೊಂದು ಚಾರ್ಟ್. ಇಬ್ಬರಿಗೊಂದು ಕಟ್ಟು, ಕಟ್ಟಿಗೆ ಪ್ರತಿ ಬಣ್ಣದ ಎರಡು ಪಟ್ಟಿ ಎಂದುಕೊಂಡರೆ 20 ಜೋಡಿಗೆ 40 ಪಟ್ಟಿ ಸಾಕು, ಆರು ಪಟ್ಟಿ ಕಳೆದುಹೋದವಕ್ಕೆ ಬದಲಿ. ಗಣಿತ ಕಲಿಕಾ ಆಂದೋಲನದ (ಸರ್ಕಾರಿ ಶಾಲೆಗಳ ಗಣಿತ ಕಾರ್ಯಕ್ರಮ) ಕಲಿಕಾ ಪೆಟ್ಟಿಗೆ ಇರುವ ಶಾಲೆಯಲ್ಲಿ ಅದರಲ್ಲಿನ ಸಾಮಗ್ರಿಯನ್ನೂ ಬಳಸಬಹುದು. ಆದರೆ ಮಕ್ಕಳೇ ಅಳೆದು ಕತ್ತರಿಸಿದ ಪಟ್ಟಿಯ ಮೇಲೆ ಅವರಿಗಿರುವ ನಂಬಿಕೆ ಬೇರೆ.

ಕತ್ತರಿಸುವುದರಲ್ಲೇ ಎಡವಟ್ಟು ಆಗುವುದು. ಹನ್ನೆರಡನೇ ಒಂದರ ತುಂಡು ಪ್ರತಿಯೊಂದೂ 1 ಮಿ.ಮೀ. ಹೆಚ್ಚಾದರೆ 12 ತುಂಡು ಸೇರಿ ಇಡೀ ಪಟ್ಟಿಗಿಂತ 1.2 ಸೆಂ.ಮೀ. ಉದ್ದ ನಿಲ್ಲುತ್ತವೆ. ಮಗು ಕಣ್ಣನ್ನು ನಂಬುತ್ತದೆ, ನಮ್ಮ ಮಾತನ್ನಲ್ಲ. ಒಂದು ತುಂಡು ಕತ್ತರಿಸಿ ಅದರ ತುದಿಯಿಂದ ಮುಂದಿನದನ್ನು ಅಳೆಯುತ್ತ ಹೋದರೆ ತಪ್ಪು ಕೂಡುತ್ತ ಹೋಗುತ್ತದೆ. ಸ್ಕೇಲನ್ನು ಒಮ್ಮೆ ಇಟ್ಟು 2, 4, 6 ಎಂದು 22ರವರೆಗೆ ಎಲ್ಲ ಗುರುತನ್ನೂ ಹಾಕಿಯೇ ಕತ್ತರಿ ಎತ್ತಬೇಕು. ಪ್ಲಾಸ್ಟಿಕ್ ಸ್ಕೇಲುಗಳಲ್ಲಿ ಸೊನ್ನೆಯ ಗೆರೆಗೂ ತುದಿಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ತುದಿಯನ್ನೇ ಸೊನ್ನೆ ಎಂದುಕೊಂಡು ಅಳೆಯುವ ಮಕ್ಕಳು ಬಹಳ. ಅಳತೆ ಶುರುವಾಗುವ ಮೊದಲೇ ಇದನ್ನು ತೋರಿಸಿಬಿಡುವುದು ಒಳ್ಳೆಯದು. ಮಡಿಚಿ ಗುರುತು ಮಾಡುವ ಕ್ರಮ ಅರ್ಧ, ಕಾಲಿಗೆ ಸರಿ. ಮೂರು ಭಾಗಕ್ಕೆ ಪಟ್ಟಿಯನ್ನು ಅಂಕುಡೊಂಕಾಗಿ ಒಂದರ ಮೇಲೊಂದು ತಂದು ಅಂಚು ಕೂಡಿದ ಮೇಲೆ ಒತ್ತಬೇಕು. ಚಾರ್ಟ್ ಹಾಳೆಯನ್ನು 12 ಪದರ ಮಡಿಚುವುದು ಆಗದ ಮಾತು, ದಪ್ಪವೇ ಮಡಿಕೆಯನ್ನು ಸರಿಸಿಬಿಡುತ್ತದೆ.

ಕಟ್ಟಿಗೆ 72 ತುಂಡು. ಪ್ರತಿ ತುಂಡಿನ ಒಂದು ಮುಖದಲ್ಲಿ ಮಾತ್ರ 1/4, 1/6 ಎಂದು ಬರೆಸುತ್ತೇವೆ, ಇನ್ನೊಂದು ಮುಖ ಖಾಲಿ. ಖಾಲಿ ಮುಖದ ಮೂಲೆಯಲ್ಲಿ ಕಟ್ಟಿನ ಸಂಖ್ಯೆ ಚಿಕ್ಕದಾಗಿ ಇರಲಿ; ಪೀರಿಯಡ್ ಮುಗಿದಾಗ ಬೆಂಚಿನ ಕೆಳಗೆ ಸಿಕ್ಕ ತುಂಡು ಯಾರದೆಂದು ತಿಳಿಯಲು ಬೇರೆ ದಾರಿಯಿಲ್ಲ. ಹಳೆಯ ಲಗ್ನಪತ್ರಿಕೆಯ ಲಕೋಟೆ ಈ ಕಟ್ಟುಗಳಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಮೊದಲ ಆಟ, ಒಂದನ್ನು ಮುಚ್ಚುವುದು. ದಾಳದ ಆರು ಮುಖಕ್ಕೆ 1/2, 1/3, 1/4, 1/6, 1/12, 1/12 ಎಂದು ಚೀಟಿ ಅಂಟಿಸಬೇಕು. ದಾಳ ಇಲ್ಲದಿದ್ದರೆ ಆರು ಚೀಟಿ ಒಂದು ಡಬ್ಬಿಯಲ್ಲಿ ಹಾಕಿ ಎತ್ತಿದರೂ ಆಯಿತು. ಇಬ್ಬರ ಮುಂದೆಯೂ ಒಂದೊಂದು ಇಡೀ ಪಟ್ಟಿ. ದಾಳದಲ್ಲಿ ಬಂದ ತುಂಡನ್ನು ಎತ್ತಿ ಪಟ್ಟಿಯ ಮೇಲೆ ಇಡಬೇಕು, ಒಂದರ ಮೇಲೊಂದು ಬರಬಾರದು, ಹೊರಗೆ ಚಾಚಬಾರದು. ಹಿಡಿಸದಿದ್ದರೆ ಆ ಸರದಿ ಬಿಡಬೇಕು, ಹಿಡಿಸಿದರೂ ಬೇಡವೆನಿಸಿದರೆ ಬಿಡಬಹುದು. ಕರಾರುವಾಕ್ಕಾಗಿ ಮುಚ್ಚಿದವರು ಗೆದ್ದರು.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. 1/2 ಮತ್ತು 1/4 ಇಟ್ಟಾಗಿದೆ, ಉಳಿದದ್ದು 6 ಸೆಂ.ಮೀ. ದಾಳದಲ್ಲಿ 1/3 ಬಿತ್ತು. 8 ಸೆಂ.ಮೀ. ತುಂಡು ಹಿಡಿಸುವುದಿಲ್ಲ, ಸರದಿ ಹೋಯಿತು. ಮುಂದಿನ ಸಲ 1/6. ಇಟ್ಟರೆ 2 ಸೆಂ.ಮೀ. ಉಳಿಯುತ್ತದೆ, ಆಮೇಲೆ 1/12 ಬೀಳಲೇಬೇಕು. ಇಡದೆ ಕಾಲಿಗೇ ಕಾಯ್ದರೆ? ದಾಳದಲ್ಲಿ ಕಾಲು ಒಂದೇ ಮುಖ, ಹನ್ನೆರಡನೇ ಒಂದಕ್ಕೆ ಎರಡು ಮುಖ. ಇಡುವುದೇ ಲಾಭ. ಇಲ್ಲಿ ಯಾರೂ ಲ.ಸಾ.ಅ. ಎಂಬ ಶಬ್ದ ಎತ್ತಿಲ್ಲ. ಆದರೂ 3/4ಕ್ಕೆ 1/6 ಸೇರಿದರೆ ಒಂದಕ್ಕೆ 1/12 ಕೊರತೆ ಎಂಬುದನ್ನು ಮಗು ತನ್ನ ಸ್ವಾರ್ಥಕ್ಕಾಗಿಯೇ ಲೆಕ್ಕ ಹಾಕಿದೆ.

ಈ ದಾಳಕ್ಕೆ 1/8 ಸೇರಿಸಬಾರದು. ಸೇರಿಸಿದರೆ ಆಟ ನಡುವಲ್ಲೇ ಸಿಕ್ಕಿಕೊಳ್ಳುತ್ತದೆ. 1/8 ಇಟ್ಟ ಪಟ್ಟಿಯಲ್ಲಿ ಉಳಿದ ಜಾಗವನ್ನು 2, 4, 6, 8 ಸೆಂ.ಮೀ. ತುಂಡುಗಳಿಂದ ತುಂಬುತ್ತ ಬಂದರೆ ಕೊನೆಗೆ 1 ಸೆಂ.ಮೀ. ಬಾಯಿ ತೆರೆದುಕೊಂಡು ನಿಲ್ಲುತ್ತದೆ. 12ನ್ನು 8 ಭಾಗಿಸುವುದಿಲ್ಲವಲ್ಲ. ಅದಕ್ಕೇ 1/2, 1/4, 1/8ರದ್ದು ಬೇರೆಯೇ ದಾಳ: ಅರ್ಧಕ್ಕೆ ಒಂದು ಮುಖ, ಕಾಲಿಗೆ ಎರಡು, ಎಂಟನೇ ಒಂದಕ್ಕೆ ಮೂರು. ಎರಡು ದಾಳವನ್ನೂ ಆಡಿದ ಮೇಲೆ 6 ಮತ್ತು 8 ಒಟ್ಟಿಗೆ ಬಂದಾಗ 24 ಏಕೆ ಬೇಕು ಎಂದು ವಿವರಿಸುವ ಕಷ್ಟ ಅರ್ಧಕ್ಕರ್ಧ ಇಳಿದಿರುತ್ತದೆ.

ಎರಡನೇ ಸುತ್ತಿನಲ್ಲಿ ಒಂದು ಸಡಿಲಿಕೆ. ಬಿದ್ದ ಭಾಗವನ್ನು ಒಂದೇ ತುಂಡಾಗಿ ತೆಗೆದುಕೊಳ್ಳಬೇಕಿಲ್ಲ, ಅಷ್ಟೇ ಬೆಲೆಯ ಬೇರೆ ತುಂಡು ತರಬಹುದು. 1/3 ಬಿದ್ದರೆ 1/4 ಮತ್ತು 1/12 ಎತ್ತಬಹುದು, ಎರಡು 1/6 ಎತ್ತಬಹುದು. ಮೂರನೇ ಸುತ್ತು ತಿರುಗುಮುರುಗು: ಎರಡು 1/2 ತುಂಡುಗಳಿಂದ ಮುಚ್ಚಿದ ಪಟ್ಟಿಯಿಂದ ಶುರು ಮಾಡಿ ದಾಳದಲ್ಲಿ ಬಂದಷ್ಟನ್ನು ತೆಗೆಯುತ್ತ ಬರಿದು ಮಾಡಬೇಕು. ಮೊದಲ ದಾಳವೇ 1/12 ಎಂದಿಟ್ಟುಕೊಳ್ಳಿ. ಮುಂದಿರುವುದು ಅರ್ಧದ ತುಂಡುಗಳು, ಹನ್ನೆರಡನೇ ಒಂದು ಎಲ್ಲಿಂದ ತರುವುದು? ಅರ್ಧ ಕೊಟ್ಟು ಚಿಲ್ಲರೆ ಪಡೆಯಬೇಕು: ಆರು 1/12, ಇಲ್ಲವೇ 1/4, 1/6, 1/12 ಒಂದೊಂದು. ಸಮಾನ ಭಿನ್ನರಾಶಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಮಗೆ ಗೊತ್ತಿಲ್ಲ. ಎರಡು ಇಡೀ ಪಟ್ಟಿಯಿಂದ ಶುರು ಮಾಡಿದರೆ 2 − 1/3 ತರಹದ, ಪೂರ್ಣಸಂಖ್ಯೆಯಿಂದ ಭಿನ್ನರಾಶಿ ಕಳೆಯುವ ಲೆಕ್ಕಕ್ಕೂ ಇದೇ ದಾರಿ.

ಇಲ್ಲಿ ಬಹಳ ಕಡೆ ಕೈತಪ್ಪುವ ಸಂಗತಿಯೊಂದಿದೆ. ಆಟ ಆಡಿಸುತ್ತಾರೆ, ಬರೆಸುವುದಿಲ್ಲ. ಕೈಯಲ್ಲಿ ಆದದ್ದು ನೋಟ್‌ಬುಕ್ಕಿಗೆ ತಾನಾಗಿ ಇಳಿಯುವುದಿಲ್ಲ. ಆಟದ ಜೊತೆಗೇ ಮೂರು ಕಾಲಂ ತುಂಬಬೇಕು: ದಾಳದಲ್ಲಿ ಬಂದದ್ದು, ಈಗಿನ ಒಟ್ಟು, ಒಂದಕ್ಕೆ ಎಷ್ಟು ಕಡಿಮೆ. ಮೇಲಿನ ಸರದಿಯಾದರೆ 1/6, 11/12, 1/12. ಎದುರಾಳಿಯ ಕಾಲಂ ತಪ್ಪಿದ್ದರೆ ತೋರಿಸಿಕೊಟ್ಟವರಿಗೆ ಒಂದು ಹೆಚ್ಚುವರಿ ಸರದಿ ಎಂದಿಟ್ಟರೆ ತಿದ್ದುವ ಕೆಲಸವೂ ಮಕ್ಕಳದೇ ಆಗುತ್ತದೆ. 40 ನಿಮಿಷದಲ್ಲಿ ಆಟ ಮತ್ತು ಕಾಲಂಗೆ 25, ಮೊದಲಿನ 5 ನಿಮಿಷ ಹಂಚಲು, ಕೊನೆಯ 10 ನಿಮಿಷ ಅದೇ ಅಂಕಿಗಳ ಎರಡು ಲೆಕ್ಕವನ್ನು ಪಟ್ಟಿ ಮುಟ್ಟದೆ ಮಾಡಲು. ಗುಂಪಿನಲ್ಲಿ ಇಬ್ಬರೇ ಇರಬೇಕು. ಐದು ಮಂದಿಯ ಗುಂಪಿನಲ್ಲಿ ಒಬ್ಬರು ಆಡುತ್ತಾರೆ, ಒಬ್ಬರು ಬರೆಯುತ್ತಾರೆ, ಮೂವರು ಲಕೋಟೆಯ ಅಂಚು ಹರಿಯುತ್ತಾರೆ.

ತುಂಡುಗಳ ಮೇಲಿನ ಬರಹ ಬೇಗ ಊರುಗೋಲಾಗುತ್ತದೆ. ಆಗ ಎಲ್ಲವನ್ನೂ ಖಾಲಿ ಮುಖ ಮೇಲೆ ಬರುವಂತೆ ತಿರುಗಿಸಿ, ಇಡೀ ಪಟ್ಟಿಯನ್ನೇ ಬದಲಿಸುತ್ತೇವೆ. ಇವತ್ತು 12 ಸೆಂ.ಮೀ. ತುಂಡೇ ‘ಒಂದು’. ಹಾಗಾದರೆ 4 ಸೆಂ.ಮೀ. ತುಂಡು ಎಷ್ಟು? ನಿನ್ನೆಯವರೆಗೆ 1/6 ಆಗಿದ್ದದ್ದು ಇವತ್ತು 1/3. 6 ಸೆಂ.ಮೀ. ತುಂಡನ್ನು ‘ಒಂದು’ ಎಂದರೆ 8 ಸೆಂ.ಮೀ. ತುಂಡು 4/3, ವಿಷಮ ಭಿನ್ನರಾಶಿ ಹೀಗೆ ಮೇಜಿನ ಮೇಲೇ ಸಿಗುತ್ತದೆ. ‘ಭಾಗ ದೊಡ್ಡದು, ಇಡಿ ಚಿಕ್ಕದು, ಹೇಗೆ?’ ಎಂದು ಗದ್ದಲ ಏಳುತ್ತದೆ, ಏಳಲಿ. ಈ ಒಂದು ಪೀರಿಯಡ್ ಬಿಟ್ಟರೆ ಮುಂದೆ ಭಾಗಾಕಾರದಲ್ಲಿ ಕಷ್ಟ ಖಂಡಿತ.

ವೃತ್ತದ ಚಿತ್ರಗಳ ಬಗ್ಗೆ ಒಂದು ಮಾತು. ರೊಟ್ಟಿ, ಪಿಜ್ಜಾ ಎಂದು ಪುಸ್ತಕಗಳು ವೃತ್ತವನ್ನು ಬಿಡುವುದೇ ಇಲ್ಲ. ಅರ್ಧ, ಕಾಲಿಗೆ ಸರಿ. ಮೂರು ಭಾಗ ಮಾಡು ಎಂದಾಗ ಮಕ್ಕಳು ಎರಡು ಸಮಾಂತರ ಗೆರೆ ಎಳೆಯುತ್ತಾರೆ. ನಡುವಿನದು ದಪ್ಪ, ಅಂಚಿನವು ಸಣಕಲು. ಭಾಗಗಳು ಸಮವಿರಬೇಕು ಎಂಬುದೇ ಮರೆತುಹೋಗುತ್ತದೆ. ವೃತ್ತದಲ್ಲಿ ಎರಡು ಭಿನ್ನರಾಶಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೂ ಕಷ್ಟ. ಪಟ್ಟಿಯೇ ಮೇಲು, ಅದನ್ನು ಹಾಗೇ ಉದ್ದಕ್ಕೆ ಎಳೆದರೆ ಸಂಖ್ಯಾರೇಖೆಯಾಗುತ್ತದೆ.

ಸಂಖ್ಯಾರೇಖೆಗೆ ಬಟ್ಟೆ ಒಣಹಾಕುವ, ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು. ಸಣಬಿನ ಹುರಿ ಕಾರ್ಡಿನ ಭಾರಕ್ಕೆ ಜೋತುಬೀಳುತ್ತದೆ, ತೆಂಗಿನ ನಾರಿನ ಹಗ್ಗದ ಮೇಲೆ ಕ್ಲಿಪ್ ನಿಲ್ಲುವುದಿಲ್ಲ. 0ಯಿಂದ 1ಕ್ಕೆ 2.4 ಮೀಟರ್. ಅರ್ಧ 120 ಸೆಂ.ಮೀ.ಗೆ, ಕಾಲು 60ಕ್ಕೆ, ಮೂರನೇ ಒಂದು 80ಕ್ಕೆ, ಐದನೇ ಒಂದು 48ಕ್ಕೆ. ಗುರುತುಗಳನ್ನು ತಂತಿಯ ಮೇಲೆ ಹಾಕಬಾರದು, ಅಳತೆ ಟೇಪು ಶಿಕ್ಷಕರ ಕೈಯಲ್ಲಿರಲಿ. ಮಕ್ಕಳು ಅಂದಾಜಿನಿಂದ ಕಾರ್ಡ್ ನೇತುಹಾಕಬೇಕು, ತರಗತಿ ಸರಿಸು ಸರಿಸು ಎನ್ನಬೇಕು, ಆಮೇಲೆ ಟೇಪು ತೀರ್ಪು ಕೊಡಬೇಕು.

ಕಾರ್ಡ್ ಕೊಡುವ ಕ್ರಮ ಮುಖ್ಯ. 1/2, 1/4, 3/4 ಆದ ಮೇಲೆ 1/3 ಕೊಡಿ. ಹೆಚ್ಚಿನವರು ಅದನ್ನು 1/4 ಮತ್ತು 1/2ರ ನಟ್ಟನಡುವೆ, ಅಂದರೆ 90 ಸೆಂ.ಮೀ.ಗೆ ಹಾಕುತ್ತಾರೆ, 2, 3, 4 ಸಮದೂರದ ಸಂಖ್ಯೆಗಳಲ್ಲವೇ ಎಂಬ ತರ್ಕ. ಟೇಪು 80 ಎನ್ನುತ್ತದೆ. 90ರಲ್ಲಿ ನಿಜಕ್ಕೂ ಇರುವುದು ಯಾವುದು ಎಂದು ಕೇಳಿದರೆ 3/8 ಬರುವವರೆಗೆ ಬಿಡಬಾರದು. ಆಮೇಲೆ 7/8 ಮತ್ತು 11/12: ಒಂದು 210ಕ್ಕೆ, ಇನ್ನೊಂದು 220ಕ್ಕೆ. 2/4, 3/6, 4/8 ಬಂದಾಗ 1/2ರ ಕೆಳಗೆ ಸರಪಳಿಯಂತೆ ಒಂದಕ್ಕೊಂದು ಕ್ಲಿಪ್ ಹಾಕುತ್ತ ಹೋಗುವುದು. ಕೊನೆಗೆ ತಂತಿಯನ್ನು 4.8 ಮೀಟರಿಗೆ ಎಳೆದು 2ರವರೆಗೆ ಒಯ್ಯುತ್ತೇವೆ, ಕೋಣೆ ಸಾಲದಿದ್ದರೆ ಜಗಲಿಯಲ್ಲಿ. ಎಲ್ಲ ಕಾರ್ಡ್ ತೆಗೆದು ಮತ್ತೆ 1/2 ಹಾಕಿ ಎಂದರೆ ಒಂದಷ್ಟು ಮಕ್ಕಳು ತಂತಿಯ ನಡುವಿಗೆ, ಅಂದರೆ 1 ಇರಬೇಕಾದ ಜಾಗಕ್ಕೆ ಹೋಗುತ್ತಾರೆ. ಅವರಿಗೆ ಅರ್ಧವೆಂದರೆ ಇನ್ನೂ ‘ಏನೋ ಒಂದರ ಅರ್ಧ’, ಒಂದು ಸಂಖ್ಯೆ ಆಗಿಲ್ಲ. ಇದು ಗೊತ್ತಾಗುವುದೇ ಈ ಚಟುವಟಿಕೆಯ ದೊಡ್ಡ ಲಾಭ.

ನೋಟ್‌ಬುಕ್ಕಿನ ಸಂಖ್ಯಾರೇಖೆಯಲ್ಲಿ ಬೇರೆ ತಪ್ಪು. ನಾಲ್ಕು ಭಾಗ ಮಾಡಲು 0 ಮತ್ತು 1ರ ನಡುವೆ ನಾಲ್ಕು ಗೆರೆ ಎಳೆಯುತ್ತಾರೆ, ಐದು ಭಾಗವಾಗುತ್ತದೆ. ಎಣಿಸಬೇಕಾದದ್ದು ಗೆರೆಯನ್ನಲ್ಲ, ಗೆರೆಗಳ ನಡುವಿನ ಜಾಗವನ್ನು. 24 ಸೆಂ.ಮೀ. ರೇಖೆ ಎಳೆದು ಅದರ ಮೇಲೆ 1/4ರ ತುಂಡುಗಳನ್ನು ಮಲಗಿಸಿದರೆ ಮೂರೇ ಗೆರೆ ಸಾಕು ಎಂದು ತಾವೇ ನೋಡುತ್ತಾರೆ.

ಹೋಲಿಕೆಗೆ ಇಸ್ಪೀಟಿನ ತರಹದ ಆಟ. 32 ಕಾರ್ಡ್, ಇಬ್ಬರೂ ಒಂದೊಂದು ತಿರುಗಿಸಿ ಇಡುವುದು, ದೊಡ್ಡ ಭಿನ್ನರಾಶಿಯವರು ಎರಡನ್ನೂ ಎತ್ತಿಕೊಳ್ಳುವುದು. ಎತ್ತಿಕೊಳ್ಳುವ ಮೊದಲು ಕಾರಣ ಹೇಳಬೇಕು, ಹೇಳದಿದ್ದರೆ ಕಾರ್ಡ್ ಎದುರಿನವರಿಗೆ. ಅಡ್ಡ ಗುಣಾಕಾರ (ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ಹೋಲಿಸುವುದು) ಮಾಡಿ ಹೇಳುವಂತಿಲ್ಲ. ಇದು ಕಟ್ಟುನಿಟ್ಟು. ಅಡ್ಡ ಗುಣಾಕಾರ ತಪ್ಪಲ್ಲ, ಆದರೆ ಅದು ಬಂದ ಗಳಿಗೆಯಿಂದ ಮಕ್ಕಳು ಭಿನ್ನರಾಶಿಯ ಕಡೆ ನೋಡುವುದನ್ನೇ ನಿಲ್ಲಿಸುತ್ತಾರೆ. ಕಾರ್ಡುಗಳನ್ನು ಬೇಕೆಂದೇ ತೊಡಕಿನವು ಆರಿಸಬೇಕು. 3/4 ಮತ್ತು 5/6: ಎರಡರಲ್ಲೂ ಒಂದೇ ತುಂಡು ಕಡಿಮೆ, ಆದ್ದರಿಂದ ಸಮ ಎನ್ನುವವರು ಇರುತ್ತಾರೆ, ಕಡಿಮೆಯಾದ ತುಂಡು ಒಂದರಲ್ಲಿ ಕಾಲು, ಇನ್ನೊಂದರಲ್ಲಿ ಆರನೇ ಒಂದು. 3/8 ಮತ್ತು 4/7: ಒಂದು ಅರ್ಧದ ಈಚೆ, ಒಂದು ಆಚೆ. 3/5 ಮತ್ತು 3/7: ತುಂಡಿನ ಸಂಖ್ಯೆ ಒಂದೇ, ಅಳತೆ ಬೇರೆ. 4/9 ಮತ್ತು 5/11 ಮೇಲುಮಟ್ಟದವರಿಗೆ: ಎರಡೂ ಅರ್ಧಕ್ಕೆ ಅರ್ಧ ತುಂಡಿನಷ್ಟು ಕಡಿಮೆ, ಒಂದರಲ್ಲಿ 1/18, ಇನ್ನೊಂದರಲ್ಲಿ 1/22. ಅಂದಮೇಲೆ 5/11 ದೊಡ್ಡದು. ಕಾರ್ಡಿನ ಕೆಳಅಂಚಿಗೆ ಒಂದು ದಪ್ಪ ಗೆರೆ ಎಳೆಯಿರಿ. ಇಲ್ಲದಿದ್ದರೆ ತಲೆಕೆಳಗಾದ 6, 9ರ ಮೇಲೆ ಜಗಳ ಹತ್ತುತ್ತದೆ. ಗಡಿಯಾರ ಹಿಡಿದು ಆಡಿಸುವುದು ನಮಗೆ ಸೇರದು, ಯೋಚಿಸಿ ಹೇಳುವ ಮಕ್ಕಳು ಅದರಲ್ಲಿ ಬಾಯಿ ಮುಚ್ಚಿಕೊಂಡುಬಿಡುತ್ತಾರೆ.

ಇಷ್ಟರ ಮೇಲೆ ಕಾಗದದ ಲೆಕ್ಕಕ್ಕೆ ಬರಬಹುದು, ಅಲ್ಲೂ ಸಾಲುಸಾಲು ಲೆಕ್ಕ ಬೇಕಿಲ್ಲ. ಬೋರ್ಡಿನ ಮೇಲೆ □/□ + □/□ ಬರೆದು 1, 2, 3, 4 ಈ ನಾಲ್ಕು ಅಂಕಿಗಳನ್ನು ಒಂದೊಂದು ಸಲ ಬಳಸಿ ಮೊತ್ತ 1ಕ್ಕೆ ಅತ್ಯಂತ ಹತ್ತಿರ ಬರುವಂತೆ ಮಾಡಿ ಎಂದರೆ ಸಾಕು. ಸಾಧ್ಯವಿರುವ ಮೊತ್ತಗಳು 12. 1/3 + 2/4 = 5/6, 1/2 + 3/4 = 5/4, 2/3 + 1/4 = 11/12. ಕೊನೆಯದೇ ಉತ್ತರ. ‘ಇದಕ್ಕಿಂತ ಹತ್ತಿರದ್ದು ಇಲ್ಲ ಎಂದು ಹೇಗೆ ಗೊತ್ತು?’ ಎಂದು ಕೇಳಿದರೆ ಉಳಿದವನ್ನೂ ಮಾಡಿ ನೋಡುತ್ತಾರೆ. ಯಾರೂ ಹೇಳದೆ ಹನ್ನೆರಡು ಸಂಕಲನ ಆಗಿಹೋಗುತ್ತದೆ. ಅಂಕಿಗಳನ್ನು 2, 3, 4, 6 ಎಂದು ಬದಲಿಸಿ ‘ಸರಿಯಾಗಿ 1 ಬರುತ್ತದೆಯೇ?’ ಎಂದು ಕೇಳಿ. 2/4 + 3/6. ಇದೊಂದೇ ದಾರಿ.

ಒಂದನ್ನು ಏಕಾಂಶದ, ಅಂದರೆ ಅಂಶ 1 ಇರುವ, ಭಿನ್ನರಾಶಿಗಳಾಗಿ ಒಡೆಯುವ ಲೆಕ್ಕಕ್ಕೆ ನಮ್ಮ ನೆಲದ್ದೇ ಸೂತ್ರವಿದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದ ಭಿನ್ನರಾಶಿ ಪ್ರಕರಣದಲ್ಲಿ ಇದನ್ನು ಕೊಟ್ಟಿದ್ದಾನೆ. 1ರಿಂದ ಶುರು ಮಾಡಿ ಮೂರರಿಂದ ಗುಣಿಸುತ್ತ ಛೇದಗಳನ್ನು ಬರೆಯಿರಿ: 1, 3, 9, 27. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿ: 2, 3, 9, 18. ಈಗ 1/2 + 1/3 + 1/9 + 1/18 ಕೂಡಿಸಿದರೆ ಸರಿಯಾಗಿ 1. ಮೂರೇ ಪದ ಬೇಕೆಂದರೆ 1/2 + 1/3 + 1/6. ಐದು ಬೇಕೆಂದರೆ ಛೇದಗಳು 2, 3, 9, 27, 54. ಮೂರು ಪದದ್ದನ್ನು ಪಟ್ಟಿಯ ಮೇಲೆ ಇಟ್ಟು ನೋಡಬಹುದು, ಐದು ಪದದ್ದಕ್ಕೆ 54ರ ಛೇದ ತೆಗೆದು ಕೂಡಿಸಲೇಬೇಕು. ‘ಸೂತ್ರ ನಿಜವೇ, ಪರೀಕ್ಷಿಸಿ’ ಎಂಬ ಕೆಲಸಕ್ಕೆ ಮಕ್ಕಳು ತೋರುವ ಹುರುಪು ‘ಕೂಡಿಸಿ’ ಎಂಬ ಕೆಲಸಕ್ಕೆ ಇರುವುದಿಲ್ಲ. ಇನ್ನೊಂದು ಹೆಜ್ಜೆ: ಬೇರೆಬೇರೆ ಛೇದಗಳ ನಾಲ್ಕು ಏಕಾಂಶಗಳಿಂದ 1 ಮಾಡುವ ದಾರಿ ಒಟ್ಟು ಆರು. 1/2 + 1/4 + 1/6 + 1/12 ಕಟ್ಟಿನಲ್ಲೇ ಸಿಗುತ್ತದೆ. 1 ಸೆಂ.ಮೀ. ತುಂಡೊಂದನ್ನು 1/24 ಎಂದು ಸೇರಿಸಿಕೊಂಡರೆ 1/2 + 1/3 + 1/8 + 1/24 ಕೂಡ. 1/2 + 1/3 + 1/10 + 1/15, 1/2 + 1/4 + 1/5 + 1/20 ಇವೆರಡು 24ರ ಪಟ್ಟಿಗೆ ಒಗ್ಗುವುದಿಲ್ಲ, 1/2 + 1/3 + 1/7 + 1/42 ಅಂತೂ ನಮ್ಮ ಯಾವ ಪಟ್ಟಿಗೂ ಬಗ್ಗದು. ಪಟ್ಟಿ ಕೈಬಿಟ್ಟ ಜಾಗದಲ್ಲಿ ಬರಹದ ಲೆಕ್ಕ ತಾನಾಗಿ ಬೇಕಾಗುತ್ತದೆ. (ಐದನೇ, ಹತ್ತನೇ ಭಾಗಗಳಿಗೆ 30 ಸೆಂ.ಮೀ. ಪಟ್ಟಿಯ ಬೇರೆ ಕಟ್ಟು ಮಾಡಿಕೊಳ್ಳಬಹುದು: 15, 10, 6, 5, 3 ಸೆಂ.ಮೀ.)

ಗುಣಾಕಾರಕ್ಕೆ ಪಟ್ಟಿ ಸಾಲದು, ಆಯತ ಬೇಕು. ಹಳೆಯ ನೋಟ್‌ಬುಕ್ ಹಾಳೆಯನ್ನು ಉದ್ದಕ್ಕೆ ನಾಲ್ಕು ಮಡಿಚಿ ಮೂರು ಭಾಗಕ್ಕೆ ಬಣ್ಣ ಹಚ್ಚುವುದು, ಅಡ್ಡಕ್ಕೆ ಎರಡು ಮಡಿಚಿ ಒಂದು ಭಾಗಕ್ಕೆ ಗೆರೆ ಹಾಕುವುದು. ಎರಡೂ ಬಿದ್ದ ಮನೆಗಳು 8ರಲ್ಲಿ 3. ಎರಡನೇ ಮಡಿಕೆಯನ್ನೂ ಮೊದಲಿನ ದಿಕ್ಕಿನಲ್ಲೇ ಮಡಿಚಿದರೆ ಅದು ಹಳೆಯ ಮಡಿಕೆಯ ಮೇಲೇ ಕೂರುತ್ತದೆ, ಹೊಸದೇನೂ ಕಾಣುವುದಿಲ್ಲ. ಈ ತಪ್ಪು ಖಂಡಿತ ಆಗುತ್ತದೆ, ಮೊದಲೇ ಹೇಳಿಬಿಡಿ. 2/3 × 4/5ಕ್ಕೆ ಚೌಕಳಿ ಹಾಳೆಯಲ್ಲಿ 3 × 5ರ ಆಯತ. ಗುಣಿಸಿದರೆ ದೊಡ್ಡದಾಗಲೇಬೇಕು ಎಂಬ ಹಳೆಯ ನಂಬಿಕೆ ಮುರಿಯಲು ಸಾಮಾನ್ಯ ದಾಳ ಸಾಕು. 2/3 × □/□ ಬರೆದು ದಾಳ ಎರಡು ಸಲ ಹಾಕಬೇಕು, ಆದರೆ ಮೊದಲ ಅಂಕಿಯನ್ನು ಎರಡನೆಯದು ಬೀಳುವ ಮೊದಲೇ ಅಂಶಕ್ಕೋ ಛೇದಕ್ಕೋ ಬರೆದುಬಿಡಬೇಕು. ಉತ್ತರ 2/3ಕ್ಕಿಂತ ಹೆಚ್ಚಾದರೆ ಗೆಲುವು. ಮೊದಲು 4 ಬಿತ್ತು: ಮೇಲಿಟ್ಟರೆ ಮುಂದೆ 1, 2, 3ರಲ್ಲಿ ಗೆಲುವು, ಕೆಳಗಿಟ್ಟರೆ 5, 6ರಲ್ಲಿ ಮಾತ್ರ. ಗುಣಕ ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಉತ್ತರ ಬೆಳೆಯುತ್ತದೆ ಎಂಬುದು ಎರಡು ಸುತ್ತಿನಲ್ಲಿ ಅವರ ಬಾಯಲ್ಲೇ ಬರುತ್ತದೆ.

ಭಾಗಾಕಾರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ‘ತಿರುಗಿಸಿ ಗುಣಿಸು’ ಎಂಬ ಸೂತ್ರವನ್ನು ಮೊದಲೇ ಕೊಟ್ಟರೆ ಕೆಲಸ ಮುಗಿದಂತೆ, ಆಮೇಲೆ ಯಾರೂ ಯೋಚಿಸುವುದಿಲ್ಲ. 3/4 ÷ 1/8 ಎಂದರೆ 18 ಸೆಂ.ಮೀ. ಉದ್ದದಲ್ಲಿ 3 ಸೆಂ.ಮೀ. ತುಂಡು ಎಷ್ಟು ಸಲ ಹಿಡಿಸುತ್ತದೆ ಎಂಬುದು. ಆರು. ಇದು ಸಲೀಸು. ಮುಂದಿನದು 1 ÷ 2/3. ಪ್ರಶ್ನೆಯನ್ನು ಹೀಗೆ ಕೇಳಿ: ಒಂದು ಹೂವಿಗೆ 2/3 ಮೀಟರ್ ರಿಬ್ಬನ್ ಬೇಕು, 1 ಮೀಟರಿನಲ್ಲಿ ಎಷ್ಟು ಹೂವು? ಇಡೀ ಪಟ್ಟಿಯ ಮೇಲೆ 16 ಸೆಂ.ಮೀ. ಒಮ್ಮೆ ಹಿಡಿಸಿತು, 8 ಸೆಂ.ಮೀ. ಉಳಿಯಿತು. ಉಳಿದದ್ದು ಪಟ್ಟಿಯ ಮೂರನೇ ಒಂದು. ಹಾಗಾಗಿ ಉತ್ತರ 1 1/3 ಎಂದು ತರಗತಿಯ ಬಹುಪಾಲು ಹೇಳುತ್ತದೆ, ಅದೂ ಪೂರ್ತಿ ವಿಶ್ವಾಸದಿಂದ. ಉಳಿದದ್ದು 1/3 ಮೀಟರ್ ಹೌದು, ಆದರೆ 1/3 ಹೂವಲ್ಲ. ಕೇಳಿದ್ದು ಹೂವಿನ ಲೆಕ್ಕ, ಹೂವಿನ ಅಳತೆ 16 ಸೆಂ.ಮೀ., 8 ಎಂದರೆ ಅದರ ಅರ್ಧ. ಉತ್ತರ 1 1/2. ಖಾಲಿ ಮುಖದ ತುಂಡುಗಳಿಂದ ‘ಒಂದು’ ಯಾವುದೆಂದು ಬದಲಿಸಿ ಆಡಿದ ಮಕ್ಕಳು ಇಲ್ಲಿ ಬೇಗ ದಡ ಸೇರುತ್ತಾರೆ, ಆಡದವರಿಗೆ 16 ಸೆಂ.ಮೀ. ತುಂಡನ್ನು ಕೈಗೆ ಕೊಟ್ಟು ‘ಈಗ ಇದೇ ಒಂದು’ ಎಂದು ಹಿಂದಕ್ಕೆ ಹೋಗಬೇಕಾಗುತ್ತದೆ. ನಂತರ 3/4 ÷ 2/3: 18ರಲ್ಲಿ 16 ಒಮ್ಮೆ, ಉಳಿದ 2 ಸೆಂ.ಮೀ. 16ರ ಎಂಟನೇ ಒಂದು, ಅಂದರೆ 1 1/8. ಇದನ್ನೇ 9/12 ÷ 8/12 ಎಂದು ಬರೆಸಿ. ತುಂಡಿನ ಅಳತೆ ಒಂದೇ ಆದಮೇಲೆ 9ರಲ್ಲಿ 8 ಎಷ್ಟು ಸಲ ಎಂಬುದಷ್ಟೇ ಉಳಿಯುತ್ತದೆ: 9/8. ಇಂಥ ಐದಾರು ಲೆಕ್ಕದ ಉತ್ತರಗಳನ್ನು ಒಂದರ ಕೆಳಗೊಂದು ಬರೆದು ‘ಯಾವುದನ್ನು ಯಾವುದರಿಂದ ಗುಣಿಸಿದರೆ ಇದೇ ಬರುತ್ತದೆ?’ ಎಂದು ಕೇಳಿದರೆ ವ್ಯುತ್ಕ್ರಮದ, ಅಂದರೆ ತಿರುಗಿಸಿ ಗುಣಿಸುವ, ನಿಯಮವನ್ನು ಅವರೇ ಹೇಳುತ್ತಾರೆ.

ಪಾಠ ಮುಗಿದ ಮೇಲೂ ಅಭ್ಯಾಸ ಬತ್ತದಿರಲು ದಿನಕ್ಕೆ ಐದು ನಿಮಿಷ ಬಿಸಿಯೂಟದ ಲೆಕ್ಕ. 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಆಹಾರಧಾನ್ಯ, ಅಂದರೆ 3/20 ಕಿಲೋ. 5ನೇ ತರಗತಿವರೆಗೆ 100 ಗ್ರಾಂ, 1/10 ಕಿಲೋ. ಇವತ್ತು ದೊಡ್ಡ ತರಗತಿಗಳಲ್ಲಿ 34 ಹಾಜರಿದ್ದರೆ 34 × 3/20 = 102/20 = 5 1/10 ಕಿಲೋ ಅಕ್ಕಿ. ಇವರಿಗೆ ಬೇಳೆ ತಲೆಗೆ 30 ಗ್ರಾಂ, 3/100 ಕಿಲೋ. ತಿರುಗಿಸಿ ಕೇಳಿದರೆ ಭಾಗಾಕಾರ: ತೂಗಿಟ್ಟದ್ದು 4 1/2 ಕಿಲೋ, ಎಷ್ಟು ಮಕ್ಕಳಿಗೆ? 9/2 ÷ 3/20 = 30. ಹಾಜರಿ ದಿನವೂ ಬದಲಾಗುವುದರಿಂದ ಲೆಕ್ಕವೂ ಹೊಸದು, ಉತ್ತರ ಸರಿಯೇ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ನೋಡಬಹುದು.

ಕಿರುಪರೀಕ್ಷೆಯಲ್ಲಿ ಹತ್ತು ಲೆಕ್ಕದ ಬದಲು ಮೂರು ಕೊಡುತ್ತೇವೆ. ಉಳಿದ ಅಂಕವೆಲ್ಲ ಲೆಕ್ಕ ಮಾಡದೆ ಉತ್ತರಿಸಬೇಕಾದ ಪ್ರಶ್ನೆಗಳಿಗೆ: 7/8 + 1/9 ಒಂದಕ್ಕಿಂತ ಹೆಚ್ಚೋ ಕಡಿಮೆಯೋ? 5/6 + 1/5? ಮೊದಲನೆಯದಕ್ಕೆ ಬೇಕಿರುವುದು 1/8, ಸಿಕ್ಕಿದ್ದು 1/9, ಹಾಗಾಗಿ ಕಡಿಮೆ. ಎರಡನೆಯದಕ್ಕೆ 1/6 ಸಾಕಿತ್ತು, 1/5 ಬಂದಿದೆ. ಕಾರಣ ಬರೆದವರಿಗೆ ಪೂರ್ತಿ ಅಂಕ, ಬರೀ ‘ಹೆಚ್ಚು’, ‘ಕಡಿಮೆ’ ಎಂದು ಬರೆದವರಿಗೆ ಸೊನ್ನೆ. ಊಹೆಯಿಂದಲೂ ಎರಡರಲ್ಲಿ ಒಂದು ಸರಿಯಾಗುತ್ತದೆ.